ಕೌನ್ಸಿಲ್ ಪಾರ್ಕಿಂಗ್ ದಂಡ: ಕಟ್ಟಿ ಕೈತೊಳೆದುಕೊಳ್ಳೋದಾ, ಜಗ್ಗಾಡೋದಾ?

ನಾನು ಹೋಗಿದ್ದು ಒಂದು ಕಟ್ಟು ಕರಿಬೇವು ತರೋಕೆ. ನಮ್ಮೂರ ಇಂಡಿಯನ್ ಅಂಗಡಿ ಎದುರು ರಸ್ತೆ ಅಂಚಿಗೆ 'ಇಲ್ಲಿ ನಿಲ್ಲಿಸಬೇಡಿ' ಅನ್ನುವ ಎರಡು ಹಳದಿ ಗೆರೆ ಇರೋದು ನನಗೆ ಚೆನ್ನಾಗಿ ಗೊತ್ತು. ಆದರೂ ಹಜಾರ್ಡ್ ಲೈಟ್ ಹಾಕಿ, 'ಐದೇ ನಿಮಿಷ ತಾನೇ' ಅಂತ ಒಳಗೆ ಹೋದೆ. ಅಂಗಡಿಯವರು ಕ್ರಿಕೆಟ್ ಮಾತು ತೆಗೆದರು. ಹೊರಗೆ ಬಂದಾಗ ವೈಪರ್ ಕೆಳಗೆ ಹಳದಿ ಪ್ಲಾಸ್ಟಿಕ್ ಲಕೋಟೆ, ಒಳಗೆ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಹಾಕಿದ ದಂಡದ ಚೀಟಿ. ಲೈಟು ಇನ್ನೂ ಮಿಣುಕುತ್ತಲೇ ಇತ್ತು. ಮನೆಗೆ ಬಂದು ಸುಮ್ನೆ 35 ಪೌಂಡ್ ಕಟ್ಟಿದೆ. ಅಷ್ಟು ದುಬಾರಿ ಒಗ್ಗರಣೆ ನಮ್ಮ ಮನೆಯಲ್ಲಿ ಇನ್ನೊಂದು ಆಗಿಲ್ಲ.

ಕೆಲವು ತಿಂಗಳಾದ ಮೇಲೆ ಬೇರೆ ಊರಿನಲ್ಲಿ ಸ್ನೇಹಿತರ ಮಗುವಿನ ನಾಮಕರಣ. ಕಾರ್ ಪಾರ್ಕಿನಲ್ಲಿ ಆ್ಯಪ್ ತೆಗೆದು ನಾಲ್ಕು ಗಂಟೆಗೆ ದುಡ್ಡು ಕಟ್ಟಿದೆ. ಊಟ ಮುಗಿಸಿ ಬಂದರೆ ಮತ್ತೆ ಅದೇ ಲಕೋಟೆ. ಆ್ಯಪಿನಲ್ಲಿ ನಮ್ಮ ಹಳೇ ಕಾರಿನ ನಂಬರ್ ಉಳಿದುಬಿಟ್ಟಿತ್ತು. ನಾನು ದುಡ್ಡು ಕಟ್ಟಿದ್ದು ಮಾರಿಹಾಕಿದ ಕಾರಿಗೆ! ಈ ಸಲ ಕಟ್ಟಲಿಲ್ಲ. ನಾಲ್ಕು ಸಾಲು ಬರೆದೆ, ರಸೀದಿ ಲಗತ್ತಿಸಿದೆ. ದಂಡ ರದ್ದಾಯಿತು.

ಎರಡೂ ತಪ್ಪು ನನ್ನದೇ. ಆದರೆ ಒಂದಕ್ಕೆ ಕಟ್ಟೋದೇ ಸರಿ, ಇನ್ನೊಂದಕ್ಕೆ ಕೇಳೋದೇ ಸರಿ. ಇದನ್ನು ಹೇಗೆ ತೀರ್ಮಾನಿಸೋದು ಅಂತ ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದು. ಸ್ಕಾಟ್ಲೆಂಡಿನ ನಿಯಮ ಬೇರೆ, ಅಲ್ಲಿರುವವರಿಗೆ ಇದು ಹೊಂದುವುದಿಲ್ಲ.

ಬೆಂಗಳೂರಿನ ಲೆಕ್ಕ ಇಲ್ಲಿ ತಲೆಕೆಳಗು

ಬೆಂಗಳೂರಿನಲ್ಲಿ ಗಾಡಿ ಓಡಿಸಿದವರಿಗೆ ಒಂದು ಅಭ್ಯಾಸ ಇರುತ್ತದೆ. ಫೈನ್ ಬಿದ್ದರೆ ಬೀಳಲಿ, ಕಾದರೆ ರಿಯಾಯಿತಿ ಬರುತ್ತದೆ ಅಂತ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ಫೈನ್ ಮೇಲೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದರು. 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಮತ್ತೆ ಕೊಟ್ಟರು. ಅಲ್ಲಿ ಕಾದವನು ಜಾಣ.

ಇಲ್ಲಿ ಅರ್ಧ ರಿಯಾಯಿತಿ ಇರೋದು ಶುರುವಿನಲ್ಲಿ. ಆಮೇಲೆ ದಂಡ ಬೆಳೆಯುತ್ತಾ ಹೋಗುತ್ತದೆ. ಲಂಡನ್ ಹೊರಗೆ ಸಾಮಾನ್ಯವಾಗಿ ದೊಡ್ಡ ತಪ್ಪಿಗೆ 70 ಪೌಂಡ್, ಚಿಕ್ಕದಕ್ಕೆ 50. ಹಳದಿ ಗೆರೆ ಮೇಲೆ ನಿಲ್ಲಿಸಿದ್ದು, ಅಂಗವಿಕಲರ ಜಾಗದಲ್ಲಿ ನಿಲ್ಲಿಸಿದ್ದು ದೊಡ್ಡದು. ದುಡ್ಡು ಕಟ್ಟಿದ ಸಮಯ ಮೀರಿದ್ದು, ಗೆರೆಯೊಳಗೆ ನೆಟ್ಟಗೆ ನಿಲ್ಲಿಸದೇ ಇದ್ದದ್ದು ಚಿಕ್ಕದು. 14 ದಿನದೊಳಗೆ ಕಟ್ಟಿದರೆ ಅರ್ಧ, ಅಂದರೆ 35 ಅಥವಾ 25. ಲಂಡನ್ನಿನಲ್ಲಿ 2025ರ ಏಪ್ರಿಲ್‌ನಿಂದ ದಂಡ 160 ಪೌಂಡ್‌ವರೆಗೂ ಏರಿದೆ. ಅದರ ಅರ್ಧವೇ 80.

14 ದಿನ ಎಣಿಸುವಾಗ ಹುಷಾರು. ಕಾರಿಗೆ ಚೀಟಿ ಅಂಟಿಸಿದ ದಿನವೇ ಒಂದನೇ ದಿನ. 3ನೇ ತಾರೀಕು ಅಂಟಿಸಿದ್ದರೆ 16ಕ್ಕೆ ಮುಗಿಯಿತು, 17ಕ್ಕಲ್ಲ. ಕಾರ್ಡ್ ಹಿಡಿದು 17ರ ಬೆಳಗ್ಗೆ ಕೂತವರು ಪೂರ್ತಿ ಕಟ್ಟಬೇಕಾಗುತ್ತದೆ.

ಮೊದಲು ಚೀಟಿ ಯಾರದ್ದು ನೋಡಿ

ಸೂಪರ್‌ಮಾರ್ಕೆಟ್ ಕಾರ್ ಪಾರ್ಕಿನಲ್ಲಿ, ರೀಟೇಲ್ ಪಾರ್ಕಿನಲ್ಲಿ ಸಿಗುವ ಚೀಟಿಯೂ ಇದೇ ಥರ ಇರುತ್ತದೆ. ಅದರ ಹೆಸರು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಕೌನ್ಸಿಲ್‌ನದ್ದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಎರಡನ್ನೂ ಜನ ಪಿಸಿಎನ್ ಅಂತಲೇ ಕರೆಯುತ್ತಾರೆ, ಗೊಂದಲ ಶುರುವಾಗೋದೇ ಅಲ್ಲಿ. ಮೊದಲನೆಯದು ಖಾಸಗಿ ಕಂಪನಿಯ ಬಿಲ್ಲು. ಎರಡನೆಯದು ಕಾನೂನಿನ ದಂಡ. ನೆಂಟರು ಯಾರೋ 'ಅದನ್ನ ಹರಿದು ಬಿಸಾಕು, ಏನೂ ಆಗಲ್ಲ' ಅಂದರೆ ಅವರು ಯಾವುದೋ ಕಾಲದ ಖಾಸಗಿ ಚೀಟಿ ಬಗ್ಗೆ ಹೇಳುತ್ತಿರುತ್ತಾರೆ. ಆ ಮಾತು ಖಾಸಗಿಯದ್ದಕ್ಕೂ ಈಗ ಸರಿಯಲ್ಲ. ಕೌನ್ಸಿಲ್‌ನದ್ದಕ್ಕೆ ಯಾವ ಕಾಲಕ್ಕೂ ಸರಿಯಿರಲಿಲ್ಲ. ಇನ್ನು ಮೊಬೈಲಿಗೆ 'ನಿಮ್ಮ ಪಾರ್ಕಿಂಗ್ ದಂಡ ಬಾಕಿ ಇದೆ' ಅಂತ ಲಿಂಕ್ ಸಮೇತ ಮೆಸೇಜ್ ಬಂದರೆ ಒತ್ತಲೇಬೇಡಿ, ಅದು ಟೋಪಿ ಹಾಕುವವರ ಕೆಲಸ.

ಇನ್ನೊಂದು ಭಯ ನಮ್ಮವರಲ್ಲಿ ಜಾಸ್ತಿ. 'ವೀಸಾಗೆ ತೊಂದರೆ ಆಗುತ್ತಾ?' ಕೌನ್ಸಿಲ್ ಪಾರ್ಕಿಂಗ್ ದಂಡ ಕ್ರಿಮಿನಲ್ ಕೇಸಲ್ಲ. ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆ 2004ರ ಕೆಳಗೆ ಬರುವ ಸಿವಿಲ್ ದಂಡ. ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ. ಹಾಗಾಗಿ ಬರೀ ಭಯಕ್ಕೆ ಕಟ್ಟಬೇಡಿ. ಚಾಲೆಂಜ್ ಮಾಡಿದರೆ ಕೆಟ್ಟ ಹೆಸರು ಬರುತ್ತದೆ ಅನ್ನೋದೂ ಸುಳ್ಳು.

ಯಾವಾಗ ಕಟ್ಟಿಬಿಡಬೇಕು

ಈ ಮಾತುಗಳಲ್ಲಿ ಯಾವುದಾದರೂ ನಿಮ್ಮ ಬಾಯಿಗೆ ಬಂತಾ ನೋಡಿ. 'ಐದೇ ನಿಮಿಷ ನಿಲ್ಲಿಸಿದ್ದೆ.' 'ಯಾರಿಗೂ ಅಡ್ಡ ಇರಲಿಲ್ಲ.' 'ಹಜಾರ್ಡ್ ಲೈಟ್ ಹಾಕಿದ್ದೆ.' 'ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ.' 'ಬೋರ್ಡು ನೋಡಲಿಲ್ಲ.' ಬಂದರೆ ಕಾರ್ಡ್ ತೆಗೆದು ಅರ್ಧ ಕಟ್ಟಿ, ಆ ದಿನವೇ ಮರೆತುಬಿಡಿ. ಇವೆಲ್ಲ ನಿಜವೇ ಇರಬಹುದು, ಆದರೆ ದಂಡ ರದ್ದು ಮಾಡಲು ಇವು ಕಾರಣವಲ್ಲ. ಅದರಲ್ಲೂ ಬೋರ್ಡು ನೋಡಲಿಲ್ಲ ಅನ್ನೋದು ಒಂದು, ಬೋರ್ಡೇ ಇರಲಿಲ್ಲ ಅನ್ನೋದು ಇನ್ನೊಂದು. ಎರಡನೆಯದು ಗೆಲ್ಲುವ ಕೇಸು.

ಎರಡು ಹಳದಿ ಗೆರೆಗೆ ಬೋರ್ಡೇ ಬೇಕಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೆರೆ ಇದ್ದರೆ ಸಾಕು, ಹಗಲು ರಾತ್ರಿ ನಿಲ್ಲಿಸುವಂತಿಲ್ಲ. ಗೆರೆಯ ಪಕ್ಕದ ಫುಟ್‌ಪಾತಿಗೆ ಹತ್ತಿಸಿ ನಿಲ್ಲಿಸಿದರೂ ಅದೇ ಗೆರೆ ಅನ್ವಯಿಸುತ್ತದೆ. ಒಂದೇ ಹಳದಿ ಗೆರೆಗೆ ಮಾತ್ರ ಸಮಯ ಬರೆದ ಬೋರ್ಡು ಹತ್ತಿರವೋ, ಆ ಪಾರ್ಕಿಂಗ್ ವಲಯ ಶುರುವಾಗುವಲ್ಲೋ ಇರಬೇಕು. ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ) ದಿನ ಬಿಡುವು ಇದೆ ಅಂತ ನಂಬಿ ಕೆಟ್ಟವರೂ ಇದ್ದಾರೆ. ಬೋರ್ಡಿನಲ್ಲಿ ಹಾಗೆ ಬರೆದಿಲ್ಲದಿದ್ದರೆ ಆ ದಿನವೂ ನಿಯಮ ಇದೆ ಅಂತಲೇ ತಿಳಿಯಿರಿ.

ಒಮ್ಮೆ ಕಟ್ಟಿದರೆ ಕೇಸು ಮುಗಿಯಿತು. ಮೊದಲು ಕಟ್ಟಿ, ಆಮೇಲೆ ಜಗಳ ಮಾಡಿ ವಾಪಸ್ ತಗೊಳ್ಳೋಣ ಅನ್ನೋದು ನಡೆಯುವುದಿಲ್ಲ.

ಯಾವಾಗ ಬರೆಯಬೇಕು

ಕೈಯಲ್ಲಿ ತೋರಿಸೋಕೆ ಒಂದು ಕಾಗದವೋ ಫೋಟೋವೋ ಇದ್ದರೆ ಬರೆಯಿರಿ. ನನ್ನ ತೂಕದ ಕಲ್ಲು ಇದೇ. ಕಥೆ ಎಷ್ಟು ಮನ ಕರಗಿಸುವಂತಿದ್ದರೂ ತೋರಿಸೋಕೆ ಏನೂ ಇಲ್ಲದಿದ್ದರೆ ಗೆಲ್ಲೋದು ಕಷ್ಟ. ಸಪ್ಪೆ ಕಥೆಗೂ ರಸೀದಿ ಇದ್ದರೆ ಕೆಲಸ ಆಗುತ್ತದೆ.

ಗಟ್ಟಿ ಕಾರಣಗಳಲ್ಲಿ ಮೊದಲು ಹೇಳಬೇಕಾದ್ದು ಹತ್ತು ನಿಮಿಷದ್ದು. 2015ರಿಂದ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಪಾರ್ಕಿಂಗ್ ಜಾಗದಲ್ಲಿ ನಿಮ್ಮ ಸಮಯ ಮುಗಿದ ಮೇಲೆ 10 ನಿಮಿಷ ಬಿಡಬೇಕು ಅಂತ ನಿಯಮ ಇದೆ. ದುಡ್ಡು ಕಟ್ಟಿದ ಜಾಗಕ್ಕೂ ಇದೆ, 'ಒಂದು ಗಂಟೆ ಉಚಿತ' ಅನ್ನುವ ಜಾಗಕ್ಕೂ ಇದೆ. 2:30ಕ್ಕೆ ಮುಗಿದು 2:37ಕ್ಕೆ ಚೀಟಿ ಬರೆದಿದ್ದರೆ ಅದು ನಿಲ್ಲುವುದಿಲ್ಲ. ಆದರೆ ಈ ಹತ್ತು ನಿಮಿಷ ಹಳದಿ ಗೆರೆಗೆ ಇಲ್ಲ. ನನ್ನ ಕರಿಬೇವಿಗೆ ಅದು ಒದಗಲಿಲ್ಲ.

ಜನ ಹತ್ತಿಸೋದು, ಇಳಿಸೋದು ಇನ್ನೊಂದು. ಮೈಸೂರಿನಿಂದ ಆರು ತಿಂಗಳಿಗೆ ಬಂದ ಅತ್ತೆಯವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೀರಿ ಅನ್ನಿ. ಕೋಲು ಹಿಡಿದು ನಡೆಯುವವರು. ಹಳದಿ ಗೆರೆ ಮೇಲೆ ನಿಲ್ಲಿಸಿ, ಕೈಹಿಡಿದು ಬಾಗಿಲವರೆಗೆ ಬಿಟ್ಟು, ಕುರ್ಚಿಯಲ್ಲಿ ಕೂರಿಸಿ ಬರುವಷ್ಟರಲ್ಲಿ ಚೀಟಿ. ಹಳದಿ ಗೆರೆಯಲ್ಲಿ ಜನರನ್ನು ಇಳಿಸೋಕೆ ಸಾಮಾನ್ಯವಾಗಿ ಅವಕಾಶ ಇದೆ, ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು. ವಯಸ್ಸಾದವರಿಗೆ ಹೆಚ್ಚು ಹೊತ್ತು ಬೇಕು ಅನ್ನೋದನ್ನೂ ಪರಿಗಣಿಸುತ್ತಾರೆ. ಆ ದಿನದ ಅಪಾಯಿಂಟ್‌ಮೆಂಟ್ ಪತ್ರ ಇಟ್ಟುಕೊಂಡಿರಿ. ಅತ್ತೆಯವರ ಜೊತೆ ಒಳಗೆ ಕೂತು ಡಾಕ್ಟರ್ ಕರೆಯುವವರೆಗೆ ಕಾದಿದ್ದರೆ ಮಾತ್ರ ಅದು ಇಳಿಸಿದ್ದಾಗುವುದಿಲ್ಲ. ನಿಲ್ಲಿಸಲೇಬಾರದ ಕೆಂಪು ಗೆರೆಯ ರೆಡ್ ರೂಟ್‌ನಲ್ಲಿ, ಶಾಲೆ ಎದುರಿನ ಅಂಕುಡೊಂಕು ಗೆರೆಯಲ್ಲಿ ಈ ವಾದ ತರಬೇಡಿ.

ಸಾಮಾನು ಇಳಿಸಿದ್ದಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ. ಮನೆ ಬದಲಾಯಿಸುವಾಗ ಮಂಚ, ಫ್ರಿಜ್ ಇಳಿಸಿದ್ದೀರಾ, ರಸ್ತೆ ಅಂಚಿನ ಕಲ್ಲಿನ ಮೇಲೆ ಲೋಡಿಂಗ್ ನಿಷೇಧದ ಅಡ್ಡ ಹಳದಿ ಪಟ್ಟಿ ಇಲ್ಲವಾ, ಹಾಗಿದ್ದರೆ ಬರೆಯಿರಿ. ಒಂದು ಚೀಲ ತರಕಾರಿಗೆ ಲೋಡಿಂಗ್ ಅಂದರೆ ಒಪ್ಪುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಗೆರೆ ಸವೆದು ಮಾಯವಾಗಿದ್ದರೆ, ಬೋರ್ಡು ಮರದ ಕೊಂಬೆಯಲ್ಲಿ ಮುಚ್ಚಿಹೋಗಿದ್ದರೆ, ಕಾರು ಅಷ್ಟರಲ್ಲಿ ಮಾರಿಯಾಗಿದ್ದರೆ, ಕಳವಾಗಿದ್ದರೆ, ಚೀಟಿಯಲ್ಲಿ ಬೀದಿಯ ಹೆಸರೋ ಕಾರಿನ ನಂಬರೋ ತಪ್ಪಿದ್ದರೆ ಬರೆಯಿರಿ. ಕಾರು ಕೆಟ್ಟು ನಿಂತಿದ್ದರೆ ರಿಪೇರಿಯವರ ಬಿಲ್ ಹಚ್ಚಿ.

ಆ್ಯಪಿನಲ್ಲಿ ನಂಬರ್ ತಪ್ಪಿದ್ದು ನಡುವಿನ ಕೇಸು. ಕಟ್ಟುನಿಟ್ಟಾಗಿ ನೋಡಿದರೆ ಅದು ತಪ್ಪೇ, ನಿಂತ ಕಾರಿಗೆ ದುಡ್ಡು ಬಂದಿಲ್ಲ. ಆದರೆ ಕೌನ್ಸಿಲ್‌ಗೆ ದುಡ್ಡು ಬಂದಿದೆಯಲ್ಲ. ಕರುಣೆ ತೋರಿಸಿ ರದ್ದು ಮಾಡುವ ಅಧಿಕಾರ ಅವರಿಗಿದೆ. ಮೊದಲ ಸಲದ ತಪ್ಪಾದರೆ ಎಷ್ಟೋ ಕಡೆ ಬಿಡುತ್ತಾರೆ. ಸೊನ್ನೆ ಬದಲು 'ಓ' ಅಕ್ಷರ ಒತ್ತಿದ್ದಕ್ಕೂ ಹಾಗೇ.

ಬರೆಯೋದು ಹೇಗೆ

ಬರೆಯುವ ಮೊದಲು ಕೌನ್ಸಿಲ್ ವೆಬ್‌ಸೈಟಿಗೆ ಹೋಗಿ ಚೀಟಿ ನಂಬರ್, ಕಾರ್ ನಂಬರ್ ಹಾಕಿ. ಚೀಟಿ ಬರೆದ ವಾರ್ಡನ್ ತೆಗೆದ ಫೋಟೋಗಳು ಅಲ್ಲಿ ಸಾಮಾನ್ಯವಾಗಿ ಸಿಗುತ್ತವೆ. ನೀವು 'ಗೆರೆ ಕಾಣುತ್ತಿರಲಿಲ್ಲ' ಅಂತ ಬರೆದು, ಅವರ ಫೋಟೋದಲ್ಲಿ ಗೆರೆ ಪಳಪಳ ಹೊಳೆಯುತ್ತಿದ್ದರೆ ಮರ್ಯಾದೆ ಹೋಗುತ್ತದೆ. ಆಮೇಲೆ ಆದಷ್ಟು ಬೇಗ ಅದೇ ಜಾಗಕ್ಕೆ ಹೋಗಿ ನಿಮ್ಮ ಫೋಟೋ ತೆಗೆಯಿರಿ. ಕಾರು ನಿಂತಿದ್ದ ಕಡೆಯಿಂದ ಹತ್ತಿರದ ಬೋರ್ಡಿನವರೆಗೆ, ಎರಡೂ ದಿಕ್ಕಿಗೆ. ಚೀಟಿ ಕಂಡ ತಕ್ಷಣ ಅಲ್ಲೇ ತೆಗೆದರೆ ಇನ್ನೂ ಒಳ್ಳೆಯದು, ಆದರೆ ಆ ಗಳಿಗೆಯಲ್ಲಿ ನಮಗೆ ಬರೋದು ಬೈಗುಳ ಮಾತ್ರ.

ನಾನು ಬರೆದದ್ದು ಇಷ್ಟೇ. ಒಂದನೇ ಸಾಲು: ಇಂಥ ದಿನ, ಇಂಥ ಕಾರ್ ಪಾರ್ಕು, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗೆ ದುಡ್ಡು ಕಟ್ಟಿದ್ದೇನೆ, ರಸೀದಿ ಇಟ್ಟಿದ್ದೇನೆ. ಎರಡನೇ ಸಾಲು: ಆ್ಯಪಿನಲ್ಲಿ ನಮ್ಮ ಹಳೇ ಕಾರಿನ ನಂಬರ್ ಆಯ್ಕೆಯಾಗಿತ್ತು. ಮೂರನೇ ಸಾಲು: ಆ ಕಾರು ಇಂಥ ತಿಂಗಳು ಮಾರಿದ್ದೇವೆ, ಇದು ಅದರ ದಾಖಲೆ, ಹಾಗಾಗಿ ಆ ದಿನ ಅದು ಅಲ್ಲಿ ನಿಂತಿರೋಕೆ ಸಾಧ್ಯವಿಲ್ಲ. ನಾಲ್ಕನೇ ಸಾಲು: ದಯವಿಟ್ಟು ರದ್ದು ಮಾಡಿ. ನಾಮಕರಣದ ವಿಷಯ, ಮಳೆ ಬರುತ್ತಿದ್ದ ವಿಷಯ, ವಾರ್ಡನ್ ಮುಖ ಗಂಟಿಕ್ಕಿಕೊಂಡಿದ್ದ ವಿಷಯ ಯಾವುದೂ ಇಲ್ಲ. ನಾವು ಅರ್ಜಿ ಅಂದರೆ 'ತಮ್ಮ ಸಮ್ಮುಖಕ್ಕೆ' ಅಂತ ಶುರುಮಾಡಿ ಎರಡು ಪುಟ ತುಂಬಿಸುವ ಜನ. ಓದುವವರ ಮುಂದೆ ದಿನಕ್ಕೆ ಇಂಥವು ರಾಶಿ ಇರುತ್ತವೆ.

ಇದನ್ನು 14 ದಿನದ ಒಳಗೇ ಕಳಿಸಿ. ಯಾಕೆಂದರೆ ಆ ಅವಧಿಯಲ್ಲಿ ಬಂದ ಅರ್ಜಿಯನ್ನು ತಿರಸ್ಕರಿಸಿದರೂ ಬಹಳಷ್ಟು ಕೌನ್ಸಿಲ್‌ಗಳು ಅರ್ಧ ಕಟ್ಟೋಕೆ ಇನ್ನೊಂದು 14 ದಿನ ಕೊಡುತ್ತವೆ. ಸರ್ಕಾರದ ಮಾರ್ಗಸೂಚಿಯ ಆಶಯವೂ ಅದೇ, ಆದರೆ ಇದು ಕಡ್ಡಾಯವಲ್ಲ. ನಿಮ್ಮ ಕೌನ್ಸಿಲ್ ಏನು ಹೇಳುತ್ತದೆ ಅಂತ ಚೀಟಿಯ ಹಿಂದೆ ಓದಿ. ಅಲ್ಲಿ ಹಾಗಿದ್ದರೆ ಈ ಮೊದಲ ಸುತ್ತು ನಿಮಗೆ ಪುಕ್ಕಟೆ. ಸೋತರೂ ಮೊದಲು ಎಷ್ಟಿತ್ತೋ ಅಷ್ಟೇ. ಸಾಕ್ಷಿ ಇಟ್ಟುಕೊಂಡು ಈ ಸುತ್ತನ್ನೂ ಬಳಸದೆ ಕಟ್ಟುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಕೌನ್ಸಿಲ್ 'ಇಲ್ಲ' ಅಂದಾಗ

ನಿಜವಾದ ಆಯ್ಕೆ ಬರೋದು ಇಲ್ಲಿ. ಇಲ್ಲಿಂದ ಮುಂದೆ ಹೋದರೆ ಅರ್ಧ ರಿಯಾಯಿತಿ ಬಿಟ್ಟುಕೊಟ್ಟಂತೆ. ಲಂಡನ್ ಹೊರಗಿನ 70ರ ದಂಡ ತಗೊಳ್ಳಿ. ಈಗ ಕಟ್ಟಿದರೆ 35 ಖರ್ಚು, ಖಚಿತ. ಮುಂದೆ ಹೋಗಿ ಗೆದ್ದರೆ ಸೊನ್ನೆ, ಸೋತರೆ 70. ಅಂದರೆ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದೆ ಅಂತ ಅನ್ನಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಇದು ದುಡ್ಡಿನ ಲೆಕ್ಕ. ಬರೆಯೋಕೆ ಕೂರುವ ಸಂಜೆಗಳು, ಕಾಗದ ಬಂತಾ ಅಂತ ಬಾಗಿಲ ಹತ್ತಿರ ನೋಡುವ ಕಸಿವಿಸಿ ಇದರಲ್ಲಿ ಸೇರಿಲ್ಲ. ಇನ್ನು ಕೆಲವರಿಗೆ 35 ಪೌಂಡ್ ಮುಖ್ಯವೇ ಅಲ್ಲ, ತಾನು ಮಾಡದ ತಪ್ಪಿಗೆ ಕಟ್ಟಿದರೆ ಒಂದು ತಿಂಗಳು ನಿದ್ದೆ ಬರುವುದಿಲ್ಲ. ಅಂಥವರು ಹೋಗಲೇಬೇಕು.

ತಿರಸ್ಕಾರದ ಪತ್ರಕ್ಕೆ ಮತ್ತೆ ಮತ್ತೆ ಉತ್ತರ ಬರೆಯುತ್ತಾ ಕೂರಬೇಡಿ, ಅದರಿಂದ ಏನೂ ಆಗುವುದಿಲ್ಲ. 28 ದಿನ ಕಟ್ಟದೇ ಇದ್ದರೆ ಕಾರಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರಿಗೆ 'ನೋಟಿಸ್ ಟು ಓನರ್' ಬರುತ್ತದೆ. ಅದು ಬಂದಾಗ 28 ದಿನದೊಳಗೆ ವಿಧಿವತ್ತಾದ ಆಕ್ಷೇಪಣೆ ಸಲ್ಲಿಸಬೇಕು. ಕಾರು ಹೆಂಡತಿಯ ಹೆಸರಿನಲ್ಲಿದ್ದರೆ ಹೆಂಡತಿಯೇ ಸಲ್ಲಿಸಬೇಕು, ಓಡಿಸಿದವರು ಗಂಡನೇ ಆದರೂ. ದಂಡದ ಹೊಣೆ ಓಡಿಸಿದವರದ್ದಲ್ಲ, ಒಡೆಯರದ್ದು. ಕೌನ್ಸಿಲ್ 56 ದಿನದೊಳಗೆ ಉತ್ತರ ಕೊಡಬೇಕು. ಕೊಡದೇ ಇದ್ದರೆ ನಿಮ್ಮ ಆಕ್ಷೇಪಣೆ ಒಪ್ಪಿದಂತೆ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಅಲ್ಲೂ 'ಇಲ್ಲ' ಅಂದರೆ 28 ದಿನದೊಳಗೆ ಟ್ರಿಬ್ಯೂನಲ್. ಲಂಡನ್ನಿನ ದಂಡಕ್ಕೆ 'ಲಂಡನ್ ಟ್ರಿಬ್ಯೂನಲ್ಸ್', ಹೊರಗಿನದ್ದಕ್ಕೆ 'ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್'. ಹೆಸರು ಕೇಳಿ ಕಪ್ಪು ಕೋಟು, ಕಟಕಟೆ ಅಂತ ಹೆದರಬೇಡಿ. ಆನ್‌ಲೈನಿನಲ್ಲಿ ಅರ್ಜಿ, ಫೀಸಿಲ್ಲ, ವಕೀಲರು ಬೇಕಿಲ್ಲ. ಕಾಗದ ನೋಡಿಯೇ ತೀರ್ಮಾನ ಮಾಡಿ ಅನ್ನಬಹುದು, ಫೋನಿನಲ್ಲೋ ವಿಡಿಯೋದಲ್ಲೋ ಮಾತಾಡುತ್ತೇನೆ ಅನ್ನಬಹುದು. ತೀರ್ಪು ಕೊಡುವವರು ಕೌನ್ಸಿಲ್ ನೌಕರರಲ್ಲ, ಸ್ವತಂತ್ರ ಕಾನೂನು ಪರಿಣತರು. ಸೋತರೂ, ಸುಮ್ನೆ ಕಾಟ ಕೊಡೋಕೆ ಬಂದವರು ಅನ್ನಿಸದ ಹೊರತು, ಕೌನ್ಸಿಲ್‌ನ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ. ನೀವು ಇಲ್ಲಿಯವರೆಗೆ ಬಂದದ್ದು ನೋಡಿ ಕೌನ್ಸಿಲ್ ತಾನೇ ಹಿಂದೆ ಸರಿಯೋದೂ ಉಂಟು.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಕೌನ್ಸಿಲ್ ಕರುಣೆ ತೋರಿಸಬಹುದು, ಟ್ರಿಬ್ಯೂನಲ್ ಕಾನೂನು ನೋಡುತ್ತದೆ. ಮನ ಕಲಕುವ ಕಾರಣ ಇದ್ದರೆ 'ಇನ್ನೊಮ್ಮೆ ಯೋಚಿಸಿ' ಅಂತ ಕೌನ್ಸಿಲ್‌ಗೆ ಶಿಫಾರಸು ಮಾಡಬಹುದು, ಅಷ್ಟೇ. ಹಾಗಾಗಿ ನನ್ನ ಆ್ಯಪ್ ಕೇಸಿನಂಥದ್ದು ಕೌನ್ಸಿಲ್ ಮಟ್ಟದಲ್ಲಿ ಸೋತಿದ್ದರೆ ನಾನು ಅರ್ಧ ಕಟ್ಟಿ ಮುಗಿಸುತ್ತಿದ್ದೆ. ಬೋರ್ಡೇ ಇಲ್ಲದ್ದು, ಹತ್ತು ನಿಮಿಷದ್ದು, ಅತ್ತೆಯವರನ್ನು ಇಳಿಸಿದ್ದು ಆಗಿದ್ದರೆ ಕೊನೆಯವರೆಗೂ ಹೋಗುತ್ತಿದ್ದೆ.

ಅಂಚೆಯಲ್ಲೇ ನೇರ ಬರುವ ಕ್ಯಾಮೆರಾ ಚೀಟಿ ಬೇರೆ. ಬಸ್ ಸ್ಟಾಪು, ಶಾಲೆ ಎದುರು ನಿಲ್ಲಿಸಿದ್ದಕ್ಕೆ ಹೀಗೆ ಬರುತ್ತದೆ. ಅದಕ್ಕೆ ಅರ್ಧ ರಿಯಾಯಿತಿ 21 ದಿನ, ಆದರೆ ಪುಕ್ಕಟೆಯ ಮೊದಲ ಸುತ್ತು ಇಲ್ಲ. ನೇರ ವಿಧಿವತ್ತಾದ ಆಕ್ಷೇಪಣೆಯೇ.

ಸುಮ್ಮನೆ ಕೂತರೆ

ಇದು ಆಯ್ಕೆಯೇ ಅಲ್ಲ, ಆದರೂ ಹೆಚ್ಚು ಜನ ಸಿಕ್ಕಿಬೀಳೋದು ಇಲ್ಲೇ. 'ನೋಟಿಸ್ ಟು ಓನರ್'ಗೆ ಉತ್ತರ ಕೊಡದಿದ್ದರೆ 'ಚಾರ್ಜ್ ಸರ್ಟಿಫಿಕೇಟ್' ಬರುತ್ತದೆ, ದಂಡ ಒಂದೂವರೆ ಪಟ್ಟು. 70 ಇದ್ದದ್ದು 105, ಲಂಡನ್ನಿನ 160 ಇದ್ದದ್ದು 240. ಆಮೇಲೆ ನಾರ್ಥಾಂಪ್ಟನ್ನಿನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರಿನಲ್ಲಿ ಸಾಲ ಅಂತ ನೋಂದಣಿ. ಆಮೇಲೆ ಬೇಲಿಫ್, ಅಂದರೆ ಸಾಲ ವಸೂಲಿಯವರು. ಅವರು ಮನೆ ಬಾಗಿಲಿಗೆ ಬಂದರೆ ಅವರ ಫೀಸೇ ಮೂಲ ದಂಡಕ್ಕಿಂತ ಜಾಸ್ತಿ.

ಬೇಕಂತಲೇ ಹೀಗೆ ಮಾಡುವವರು ಕಡಿಮೆ. ಆಗೋದು ಹೀಗೆ: ಬಾಡಿಗೆ ಮನೆ ಬದಲಾಯಿಸಿರುತ್ತೀರಿ. ಬ್ಯಾಂಕಿಗೆ, ಆಫೀಸಿಗೆ, ಮಕ್ಕಳ ಶಾಲೆಗೆ ಹೊಸ ವಿಳಾಸ ಕೊಟ್ಟಿರುತ್ತೀರಿ. ಕಾರಿನ ವಿ5ಸಿ ಪತ್ರದಲ್ಲಿ (ನೋಂದಣಿ ದಾಖಲೆ) ಹಳೇ ವಿಳಾಸವೇ ಇರುತ್ತದೆ. ಅಷ್ಟರಲ್ಲಿ ಮಳೆಗಾಳಿಗೆ ಚೀಟಿ ಹಾರಿಹೋಗಿದ್ದರೆ ದಂಡ ಬಿದ್ದದ್ದೇ ನಿಮಗೆ ಗೊತ್ತಿಲ್ಲ. ಕಾಗದಗಳೆಲ್ಲ ಹಳೇ ಮನೆಯ ಬಾಗಿಲ ಹಿಂದೆ ರಾಶಿ. ಹಾಗೇನಾದರೂ ಆಗಿ, ಸಾಲದ ನೋಂದಣಿ ಆದೇಶ ಕೈಗೆ ಬಂದರೆ ಗಾಬರಿಯಲ್ಲಿ ಕಟ್ಟಬೇಡಿ. 'ನನಗೆ ನೋಟಿಸೇ ತಲುಪಿಲ್ಲ' ಅಂತ ಸಾಕ್ಷಿ ಹೇಳಿಕೆಯ ಫಾರಂ ತುಂಬಲು 21 ದಿನ ಇರುತ್ತದೆ. ಒಪ್ಪಿದರೆ ಕೇಸು ಹಿಂದಿನ ಹಂತಕ್ಕೆ ಹೋಗುತ್ತದೆ. ಆ ಹೇಳಿಕೆಯಲ್ಲಿ ಸುಳ್ಳು ಬರೆದರೆ ಮಾತ್ರ ಅದು ಪಾರ್ಕಿಂಗ್ ವಿಷಯವಾಗಿ ಉಳಿಯುವುದಿಲ್ಲ. ಇನ್ನು ವಿ5ಸಿ ವಿಳಾಸ ಬದಲಾಯಿಸೋಕೆ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎ ವೆಬ್‌ಸೈಟಿನಲ್ಲಿ ಕೆಲವು ನಿಮಿಷ ಸಾಕು, ದುಡ್ಡೂ ಇಲ್ಲ. ಬದಲಾಯಿಸದಿದ್ದರೆ ಅದಕ್ಕೇ 1000 ಪೌಂಡ್‌ವರೆಗೆ ದಂಡ ಹಾಕಬಹುದು.

ಕಾರು ಲೀಸಿನದ್ದೋ ಬಾಡಿಗೆಯದ್ದೋ ಆಗಿದ್ದರೆ ಚೀಟಿ ಕಂಡ ದಿನವೇ ಕಂಪನಿಗೆ ಫೋನ್ ಮಾಡಿ, 'ನಾನು ಚಾಲೆಂಜ್ ಮಾಡುತ್ತಿದ್ದೇನೆ, ನೀವು ಕಟ್ಟಬೇಡಿ' ಅಂತ ಹೇಳಿ, ಇಮೇಲ್‌ನಲ್ಲೂ ಹಾಕಿ. ಕೆಲವು ಕಂಪನಿಗಳು ನೋಟಿಸ್ ಬಂದ ತಕ್ಷಣ ತಾವೇ ಕಟ್ಟಿ, ಅದರ ಮೇಲೆ ತಮ್ಮ ಆಡಳಿತ ಶುಲ್ಕ ಸೇರಿಸಿ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತವೆ. ಆಮೇಲೆ ನಿಮ್ಮ ಹತ್ತಿರ ಎಂಥ ಫೋಟೋ ಇದ್ದರೂ ತೋರಿಸೋಕೆ ಜಾಗ ಇರುವುದಿಲ್ಲ.